ನಡುವೆ ಬಿದ್ದ ಚೆಂಡು

ಟಕ್.

ಯಾರೋ ತಟ್ಟಿದ ಸದ್ದು. ಕಣ್ಣು ಬಿಡುವ ಮೊದಲೇ ಗಡಿಯಾರದಕ್ಕ “ಬಂದೆ ಅಮ್ಮಾ” ಎಂದಳು. ಪಾದ ತಣ್ಣನೆಯ ನೆಲಕ್ಕೆ ತಾಗಿದ ಮೇಲಷ್ಟೇ, ಅಮ್ಮ ಹೋಗಿ ಹನ್ನೊಂದು ವರ್ಷವಾಯಿತೆಂಬುದು ನೆನಪಾಯಿತು. ಕೊನೆಕೊನೆಗೆ ಅಮ್ಮನಿಗೆ ಕೂಗುವ ತ್ರಾಣ ಉಳಿದಿರಲಿಲ್ಲ. ನೀರು ಬೇಕಾದರೂ, ಮಗ್ಗುಲು ಬದಲಿಸಬೇಕಾದರೂ ಮರದ ಚಮಚದಿಂದ ಗೋಡೆಗೆ ಹೀಗೆಯೇ ತಟ್ಟುತ್ತಿದ್ದಳು.

ಟಕ್.

ಅಕ್ಕ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ನರಪಿಳ್ಳೆಯೂ ಇರಲಿಲ್ಲ. ದೀಪದ ಸುತ್ತ ಒಂದು ಹುಳು ಸುತ್ತುತ್ತಿತ್ತು, ಅಷ್ಟೇ.

“ಯಾರೇ ಅದು?” ಯಜಮಾನರು ಹೊದಿಕೆಯೊಳಗಿನಿಂದ ಕೇಳಿದರು.

“ಯಾರೂ ಇಲ್ಲ.”

“ಯಾರೂ ಇಲ್ಲದೋರಿಗೆ ಬಾಗಿಲು ಯಾಕೆ ತೆಗೆದೆ? ಮಲಕ್ಕೋ.”

ಮೂರನೆಯ ಸದ್ದು ಹಿಂದಿನ ಕಿಟಕಿಯ ಕಡೆಯಿಂದ ಬಂತು. ಅಕ್ಕ ಪರದೆ ಸರಿಸಿದಳು. ಕೆಳಗೆ ಹಳೆಯ ಬಸ್ ಡಿಪೋದ ಅಂಗಳ, ಅದರೊಳಗೆ ಮೂರು ಪಿಕಲ್‌ಬಾಲ್ ಅಂಕಣಗಳು. ಮಂಜು ಮೊಣಕಾಲೆತ್ತರಕ್ಕೆ ಹಾಲು ಹುಯ್ದಂತೆ ನಿಂತಿತ್ತು. ಆ ಮಂಜಿನ ಮೇಲೆ, ದೂರದ ಬೀದಿದೀಪದ ಬೆಳಕಿನಲ್ಲಿ, ಒಂದು ಹಳದಿ ಚೆಂಡು ಗೋಡೆಗೆ ಹೋಗುತ್ತಿತ್ತು, ಬರುತ್ತಿತ್ತು. ಹೊಡೆಯುವ ಕೈ ಶೆಡ್ಡಿನ ನೆರಳಿನೊಳಗಿತ್ತು. ಮೈಯೆಲ್ಲ ತೂತಿರುವ ಆ ಪ್ಲಾಸ್ಟಿಕ್ ಚೆಂಡು ಅಕ್ಕನ ನಿದ್ದೆಗಣ್ಣಿಗೆ ಹುಳು ಕೊರೆದ ಪುಟ್ಟ ಚಂದ್ರನಂತೆ ಕಂಡಿತು. ಯಾರೋ ಚಂದ್ರನನ್ನು ಗೋಡೆಗೆ ತಟ್ಟಿ ಒಳಗೆ ಯಾರಿದ್ದಾರೆಂದು ಕೇಳುತ್ತಿರುವಂತೆ.

ನಲವತ್ತು ವರ್ಷ ಗಡಿಯಾರಗಳ ಎದೆಬಡಿತ ಕೇಳಿದ ಕಿವಿ ಸುಮ್ಮನಿದ್ದೀತೆ? ಅದು ತನ್ನ ಪಾಡಿಗೆ ಎಣಿಸಿತು. ಹತ್ತು ಏಟು. ಆಮೇಲೆ ಮೌನ. ಅಕ್ಕ ಮೇಜಿನ ಗಡಿಯಾರ ನೋಡಿದಳು: ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಅರವತ್ತು ಸೆಕೆಂಡು. ಮತ್ತೆ ಹತ್ತು ಏಟು. ಅಭ್ಯಾಸಬಲ, ರಿಪೇರಿ ಚೀಟಿಯೊಂದರ ಬೆನ್ನಿಗೆ ಬರೆದಿಟ್ಟಳು: ‘ಮಂಗಳವಾರ. ಹನ್ನೊಂದು ಹತ್ತು. ಹತ್ತು ಏಟು, ಒಂದು ನಿಮಿಷ. ಹತ್ತು ಏಟು, ಒಂದು ನಿಮಿಷ.’

ಬರೆದ ಮೇಲೆ ಮತ್ತೊಮ್ಮೆ ಕಿವಿಗೊಟ್ಟಳು. ಆ ಅಂಗಳದಲ್ಲಿ ಆಡುವ ಪ್ರತಿಯೊಬ್ಬರ ಏಟನ್ನೂ ಅವಳು ಕಣ್ಣುಮುಚ್ಚಿ ಗುರುತಿಸಬಲ್ಲಳು. ಈ ಏಟು ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ.

ಪಿಕಲ್‌ಬಾಲ್ ಆ ಬಡಾವಣೆಗೆ ಕಾಲಿಟ್ಟು ಎರಡು ವರ್ಷವೂ ಆಗಿರಲಿಲ್ಲ. ಮೊದಲು ನಾಲ್ವರು ಡಿಪೋದ ಎಣ್ಣೆಕಲೆಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. “ಟೆನಿಸ್ಸಿಗೆ ಕಾಲಿಲ್ಲದೋರು, ಟೇಬಲ್ ಟೆನಿಸ್ಸಿಗೆ ಮೇಜಿಲ್ಲದೋರು” ಎಂದು ಜನ ನಕ್ಕರು. ನಕ್ಕವರೇ ಮರುವಾರ ಪ್ಯಾಡಲ್ ಎಂಬ ಅಗಲ ಬ್ಯಾಟು ಹಿಡಿದು ಬಂದರು. ಬೇಕರಿಯವಳು ಒಲೆಗೆ ಬ್ರೆಡ್ಡು ಇಟ್ಟು ಅದು ಬೇಯುವ ಮುಕ್ಕಾಲು ಗಂಟೆ ಆಡಿದಳು. ಹಲ್ಲಿನ ಡಾಕ್ಟರು ಬಿಳಿಕೋಟನ್ನು ಬೇಲಿಗೆ ನೇತುಹಾಕಿದರು. ನಿವೃತ್ತ ಕಂಡಕ್ಟರು “ನನ್ನ ಡಿಪೋಗೆ ನಾನೇ ವಾಪಸ್ ಡ್ಯೂಟಿಗೆ ಬಂದೆ, ಈ ಸಲ ಚೀಟಿ ಹರಿಯೋ ಕೆಲಸ ಇಲ್ಲ” ಎಂದರು. ಸೀಮೆಸುಣ್ಣದ ಗೆರೆಗಳಿಗೆ ಬಣ್ಣಕ್ಕೆ ಬಡ್ತಿ ಸಿಕ್ಕಿತು. ಒಂದು ಅಂಕಣ ಮೂರಾಯಿತು. ಎದುರುಬದುರು ಮನೆಯಲ್ಲಿದ್ದೂ ಮುಖ ನೋಡದವರು ಬೆಳಗಿನ ಆರು ಗಂಟೆಗೆ ಒಬ್ಬರ ಮೊಣಕಾಲಿನ ಕಥೆ ಇನ್ನೊಬ್ಬರಿಗೆ ಹೇಳತೊಡಗಿದರು.

ಅಲ್ಲಿ ಒಂದು ಕಟ್ಟಳೆ ಇತ್ತು. ಬಂದವರು ತಮ್ಮ ಪ್ಯಾಡಲನ್ನು ಬೇಲಿಗೆ ಒರಗಿಸಬೇಕು, ಬಂದ ಕ್ರಮದಲ್ಲಿ. ಸಾಲಿನ ಮೊದಲ ನಾಲ್ಕು ಪ್ಯಾಡಲ್ಲಿನವರು ಅಂಕಣಕ್ಕಿಳಿಯಬೇಕು, ಪಕ್ಕಪಕ್ಕದವರು ಜೊತೆಗಾರರು. ಒಬ್ಬರ ಪ್ಯಾಡಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಈ ಕಟ್ಟಳೆಯೇ ಒಂದು ದಿನ ಅಕ್ಕನ ಪ್ಯಾಡಲ್ಲಿನ ಪಕ್ಕ ತಂಗಿಯ ಪ್ಯಾಡಲನ್ನು ತಂದು ನಿಲ್ಲಿಸಿತು.

ಅಪ್ಪನ ಒಂದೇ ಅಂಗಡಿಯಲ್ಲಿ ಗಡಿಯಾರವೂ ಇತ್ತು, ಬೀಗವೂ ಇತ್ತು. ಅಮ್ಮ ಹೋದ ಮೇಲೆ ಅದರ ನಡುವೆ ಗೋಡೆ ಎದ್ದಿತು. ಆ ಕಡೆ ಗಡಿಯಾರ ಅಕ್ಕನಿಗೆ, ಈ ಕಡೆ ಬೀಗ ತಂಗಿಗೆ. ಗೋಡೆಗೆ ಕಾರಣ ಆಸ್ತಿಯಲ್ಲ. ಅಮ್ಮನ ಕೊನೆಯ ರಾತ್ರಿ ಕಾವಲು ತಂಗಿಯದೆಂದು ಅಕ್ಕ ತಿಳಿದಿದ್ದಳು, ಅಕ್ಕನದೆಂದು ತಂಗಿ ತಿಳಿದಿದ್ದಳು. ಬೆಳಗ್ಗೆ ನೋಡಿದರೆ ಚಮಚ ನೆಲದ ಮೇಲಿತ್ತು. ಎಷ್ಟು ಸಲ ತಟ್ಟಿದ್ದಳೋ, ಕೇಳಿದವರಿಲ್ಲ. ಅಕ್ಕ ಒಂದು ಮಾತು ಅಂದಳು, ತಂಗಿ ಎರಡು ಅಂದಳು. ಒಡೆದ ಮುತ್ತು, ಆಡಿದ ಮಾತು. ಯಾವ ರಿಪೇರಿಯವರ ಕೈಗೂ ಬರುವಂಥದಲ್ಲ.

ಪ್ಯಾಡಲ್‌ಗಳು ಪಕ್ಕಪಕ್ಕ ನಿಂತ ಆ ಮಂಜಿನ ಬೆಳಗ್ಗೆ ‘ಇವಳ ಜೊತೆ ಆಡಲಾರೆ’ ಎನ್ನಬೇಕಾದರೂ ಮಾತಾಡಬೇಕಾಗಿತ್ತು. ಆದ್ದರಿಂದ ಇಬ್ಬರೂ ಸುಮ್ಮನೆ ಆಡಿದರು. ಆದರೆ ಈ ಆಟದಲ್ಲಿ ಸುಮ್ಮನಿರಲು ಬರುವುದಿಲ್ಲ. ಚೆಂಡು ಎಸೆಯುವ ಮೊದಲು ಅಂಕ ಕೂಗಲೇಬೇಕು. ಮೂರು ಸಂಖ್ಯೆ: ನಮ್ಮದೆಷ್ಟು, ಅವರದೆಷ್ಟು, ನಮ್ಮಿಬ್ಬರಲ್ಲಿ ಈಗ ಎಸೆಯುವವರು ಎಷ್ಟನೆಯವರು. ಆಟ ಶುರುವಾಗುವುದೇ ‘ಸೊನ್ನೆ, ಸೊನ್ನೆ, ಎರಡು’ ಎಂದು. ಹತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡ ತಂಗಿ, ಬಾಯಿಬಿಟ್ಟು, ಅಕ್ಕನಿಗೆ ಕೇಳುವಂತೆ ಅಂದಳು: “ಸೊನ್ನೆ, ಸೊನ್ನೆ, ಎರಡು.”

ಅಂದು ಅಕ್ಕ ಅಂಗಡಿಯಲ್ಲಿ ಒಂದು ಕೈಗಡಿಯಾರವನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದಳು.

ಮರುದಿನವೂ ಪ್ಯಾಡಲ್‌ಗಳು ಪಕ್ಕಪಕ್ಕ ನಿಂತವು. ಅದರ ಮರುದಿನವೂ. ತಂಗಿ ಗೇಟು ತೆರೆಯುವುದನ್ನು ಕಿಟಕಿಯಿಂದ ನೋಡಿ ಅಕ್ಕ ಮೆಟ್ಟಿಲಿಳಿಯುತ್ತಿದ್ದಳು; ಅಕ್ಕ ಬರುವವರೆಗೆ ತಂಗಿ ಪ್ಯಾಡಲ್ ಊರದೆ ಬೂಟಿನ ದಾರ ಕಟ್ಟುತ್ತಲೇ ಇರುತ್ತಿದ್ದಳು. ಇಬ್ಬರಿಗೂ ಗೊತ್ತು, ಇಬ್ಬರಿಗೂ ಗೊತ್ತಿಲ್ಲ. ದಿನಕ್ಕೆ ನೂರು ಸಂಖ್ಯೆ, ಅದರಾಚೆ ಒಂದು ಪದವಿಲ್ಲ. ಹಾಗಾಗಿ ಇಬ್ಬರ ನಡುವೆ ಬಂದ ಚೆಂಡು ಮಾತ್ರ ದಿನವೂ ಬೀಳುತ್ತಿತ್ತು. ಅಂಥ ಚೆಂಡಿಗೆ ಜೊತೆಗಾರರಲ್ಲಿ ಒಬ್ಬರು ‘ನಂದು’ ಎಂದು ಕೂಗಬೇಕು. ಇವರಲ್ಲಿ ಯಾರೂ ಕೂಗುತ್ತಿರಲಿಲ್ಲ. ಚೆಂಡು ಬರುತ್ತಿತ್ತು, ಅಕ್ಕ ತಂಗಿಯನ್ನು ನೋಡುತ್ತಿದ್ದಳು, ತಂಗಿ ಅಕ್ಕನನ್ನು ನೋಡುತ್ತಿದ್ದಳು, ಚೆಂಡು ಇಬ್ಬರನ್ನೂ ನೋಡಿ ಹಾದುಹೋಗುತ್ತಿತ್ತು.

ಮಂಗಳವಾರದ ಆ ಸದ್ದಿನ ಮರುದಿನ ಗೇಟಿನ ಮೇಲೆ ನಿವಾಸಿಗಳ ಸಂಘದ ನೋಟೀಸು ಕಾದಿತ್ತು. ‘ರಾತ್ರಿ ಎಂಟರ ನಂತರ ಆಟಕ್ಕೆ ನಿಷೇಧವಿದ್ದರೂ ಆಟ ನಡೆದಿದೆ. ಭಾನುವಾರದ ಸಭೆಯೊಳಗೆ ತಪ್ಪಿತಸ್ಥರು ಯಾರೆಂದು ತಿಳಿದರೆ ಅವರನ್ನಷ್ಟೇ ಹೊರಗಿಡಲಾಗುವುದು. ತಿಳಿಯದಿದ್ದರೆ ಅಂಗಳವನ್ನೇ ಮುಚ್ಚಿ ವಾಹನ ನಿಲುಗಡೆಗೆ ಕೊಡಲಾಗುವುದು.’

ಸದ್ದಿನ ತಕರಾರು ಹೊಸದೇನಲ್ಲ. ಮೂರನೆಯ ಮಹಡಿಯ ಟೀಚರಮ್ಮ ಹಿಂದಿನ ತಿಂಗಳೇ ದೂರು ಕೊಟ್ಟಿದ್ದರು. ಅದರ ಮೇಲೆ ಸಂಘವು ಶಬ್ದ ಅಳೆಯುವ ಅಧಿಕಾರಿಯೊಬ್ಬರನ್ನು ಕರೆಸಿತ್ತು. ಇಸ್ತ್ರಿ ಮುರಿಯದ ಅಂಗಿ, ಕುತ್ತಿಗೆಗೆ ಟೈ, ಮೂರು ಕಾಲಿನ ಮೇಲೆ ಒಂದು ಬೂದುಬಣ್ಣದ ಡಬ್ಬಿ. ಜನ ಅವರಿಗೆ ಶಬ್ದದ ಸಾಹೇಬರು ಎಂದು ಹೆಸರಿಟ್ಟರು. ಹಗಲೆಲ್ಲ ಬೇಲಿಯ ಪಕ್ಕ ನಿಂತು ಡಬ್ಬಿಯ ಮುಳ್ಳು ನೋಡಿ ತಲೆಯಾಡಿಸಿದರು.

“ಬಸ್ಸು, ಹಾರ್ನು, ನಾಯಿ, ನಿಮ್ಮ ನಗು, ಎಲ್ಲಾ ಸೇರಿಕೊಳ್ಳುತ್ತೆ. ಹೀಗಾದ್ರೆ ಅಳೆಯೋದು ಹೇಗೆ?”

“ಒಂದು ಕೈ ಆಡಿ ನೋಡಿ ಸಾಹೇಬ್ರೆ, ಎಲ್ಲಾ ಸರಿಯಾಗಿ ಕೇಳುತ್ತೆ,” ಎಂದು ಕಂಡಕ್ಟರು ಶೆಡ್ಡಿನ ಕಪಾಟಿನಿಂದ ಹಳೆಯ ಮರದ ಪ್ಯಾಡಲ್ ತಂದು ಕೊಟ್ಟರು.

ಸಾಹೇಬರು ಅದನ್ನು ಕಡತ ಹಿಡಿದಂತೆ ಎರಡು ಕೈಯಲ್ಲಿ ಹಿಡಿದು, ಹಾಗೆಯೇ ವಾಪಸು ಕೊಟ್ಟರು. “ನಾನು ಆಡೋನಲ್ಲ, ಅಳೆಯೋನು.”

ಈಗ ನೋಟೀಸಿನ ಮುಂದೆ ಗುಂಪು ಸೇರಿತ್ತು.

“ಬೀಗ ಮುರಿದಿಲ್ಲ, ಬೇಲಿ ಹರಿದಿಲ್ಲ,” ಬೇಕರಿಯವಳು ಹಿಟ್ಟಿನ ಕೈಯಿಂದಲೇ ಲೆಕ್ಕ ಹಾಕಿದಳು. “ಕೀಲಿ ಹಾಕಿ ತೆಗೆದೇ ಒಳಗೆ ಹೋಗಿದ್ದಾರೆ.”

“ಕೀಲಿ ಇರೋದು ಒಬ್ಬರ ಸೊಂಟದಲ್ಲಿ,” ಎಂದರು ಕಂಡಕ್ಟರು. ಆಮೇಲೆ ಅಕ್ಕನನ್ನು ಕಂಡು ದನಿ ತಗ್ಗಿಸಿದರು. “ನಾನೇನೂ ಹೇಳ್ತಾ ಇಲ್ಲಮ್ಮ. ಆದ್ರೆ ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋಣ, ನೀನೇ ಹೇಳು.”

ರಾತ್ರಿ ಎಂಟಕ್ಕೆ ಗೇಟು ಹಾಕಿ ಬೆಳಗ್ಗೆ ಆರಕ್ಕೆ ತೆರೆಯುವವಳು ತಂಗಿ. ಅವಳ ಏಟಿಗೆ ಎರಡು ಸದ್ದು: ಮೊದಲು ಸೊಂಟದ ಕೀಲಿಗೊಂಚಲಿನ ‘ಝಲ್’, ಆಮೇಲೆ ಚೆಂಡಿನ ‘ಟಕ್’. ಮಂಗಳವಾರ ಅಕ್ಕನಿಗೆ ‘ಝಲ್’ ಕೇಳಿರಲಿಲ್ಲ. ಎದೆ ಹಗುರಾಯಿತು. ಮರುಕ್ಷಣ ಮತ್ತೆ ಭಾರವಾಯಿತು. ಕದ್ದು ಆಡುವವಳು ಕೀಲಿಗೊಂಚಲು ಬಿಚ್ಚಿಡದೆ ಇರುತ್ತಾಳೆಯೇ?

ತಂಗಿ ಗುಂಪಿನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಪ್ಯಾಡಲ್ ತೆಗೆದುಕೊಂಡು ಅಂಕಣಕ್ಕಿಳಿದಳು.

“ಸೊನ್ನೆ, ಸೊನ್ನೆ, ಎರಡು.”

ಅಂಗಳ ಮುಚ್ಚಿದರೆ ಇದೂ ಇಲ್ಲ, ಎಂದುಕೊಂಡಳು ಅಕ್ಕ. ತಂಗಿಯ ಹೆಸರು ಹೇಳಿದರೆ ಅಂಗಳ ಉಳಿಯುತ್ತದೆ, ತಂಗಿ ಉಳಿಯುವುದಿಲ್ಲ. ಎತ್ತ ತಿರುಗಿದರೂ ಆ ಮೂರು ಸಂಖ್ಯೆಗಳಿಗೆ ಭಾನುವಾರವೇ ಕೊನೆ.

ಬುಧವಾರ ರಾತ್ರಿ ಸದ್ದು ಮತ್ತೆ ಬಂತು. ಹತ್ತು ಏಟು, ಒಂದು ನಿಮಿಷ, ಹತ್ತು ಏಟು. ಎಲ್ಲ ಮುಗಿದ ಮೇಲೆ, ಇನ್ನೊಂದು. ಹನ್ನೊಂದನೆಯದು ಒಂಟಿಯಾಗಿ ಬಂದು, ತಾನೇ ನಾಚಿದಂತೆ ನಿಂತುಹೋಯಿತು. ಗುರುವಾರ ಹದಿನಾಲ್ಕು ಏಟು. ನಡುವಿನ ವಿರಾಮ ನಲವತ್ತು ಸೆಕೆಂಡಿಗಿಳಿಯಿತು. ಶುಕ್ರವಾರ ವಿರಾಮವೇ ಇಲ್ಲ. ಮೂವತ್ತೊಂದು! ಅಕ್ಕ ಎಣಿಸುತ್ತ ಎಣಿಸುತ್ತ, ತನಗರಿವಿಲ್ಲದೆ, ಚೆಂಡು ಬೀಳದಿರಲೆಂದು ಉಸಿರು ಹಿಡಿದಿದ್ದಳು. ಕೊನೆಗೆ ಚೆಂಡು ತಪ್ಪಿ ಉರುಳಿದಾಗ ಮಂಜಿನೊಳಗಿನಿಂದ ಒಂದು ಪಿಸುದನಿ ಎದ್ದಿತು. ಹೆಣ್ಣಿನದೋ ಗಂಡಿನದೋ, ಮಂಜಿನದೇ ದನಿಯೋ.

“ಸೊನ್ನೆ, ಸೊನ್ನೆ, ಎರಡು.”

ಅಂಗಳದಾಚೆ ತಂಗಿಯ ಮನೆಯ ಕಿಟಕಿ ಕತ್ತಲಾಗಿತ್ತು.

ಅಂದಿನ ನಿದ್ದೆಯಲ್ಲಿ ಅಕ್ಕನಿಗೆ ಅಮ್ಮ ಕಂಡಳು. ಬಲೆಯ ಪಕ್ಕ, ಎತ್ತರದ ಕುರ್ಚಿಯಲ್ಲಿ, ಕಾಲ ಮೇಲೆ ಶಾಲು ಹೊದ್ದು ಕುಳಿತಿದ್ದಳು. ಅಂಕಣದ ತುಂಬ ಅಪ್ಪನ ಗಡಿಯಾರಗಳು ಮೊಗ್ಗಿನಂತೆ ಮುಚ್ಚಿಕೊಂಡಿದ್ದವು. ಅಮ್ಮ ಚಮಚದಿಂದ ಕುರ್ಚಿಯ ಕೈಗೆ ತಟ್ಟಿದಳು, ಒಂದೊಂದು ಏಟಿಗೂ ಒಂದೊಂದು ಗಡಿಯಾರ ಅರಳಿತು. “ಯಾರದು?” ಎಂದು ಕೇಳಿದಳು ಅಮ್ಮ. “ನಡುವೆ ಬಂತಲ್ಲ, ಇದು ಯಾರದು?” ಅಕ್ಕ ಉತ್ತರಿಸಲು ಬಾಯ್ತೆರೆದರೆ ಬಾಯೊಳಗೆ ಬರೀ ಸಂಖ್ಯೆಗಳಿದ್ದವು.

ಶನಿವಾರ ಅವಳು ತಾಳಲಾರದೆ ಕೆಳಗಿಳಿದಳು. ಬರಿಗಾಲು, ಮಂಜು, ಗೇಟಿನ ಕಬ್ಬಿಣ ಹಿಮದಂತೆ. ಒಳಗೆ ಚೆಂಡು ಬಡಿಯುತ್ತಲೇ ಇತ್ತು: ಎಂಬತ್ತು, ಎಂಬತ್ತೊಂದು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಮುಖ ಕಾಣುತ್ತಿತ್ತು. ಆಗ ಅವಳಿಗೆ ಹೊಳೆಯಿತು: ನೋಡಿದರೆ ನಾಳೆ ಹೇಳಬೇಕಾಗುತ್ತದೆ. ನೋಡದಿದ್ದರೆ ‘ಗೊತ್ತಿಲ್ಲ’ ಎನ್ನುವುದು ಸುಳ್ಳಾಗುವುದಿಲ್ಲ. ಕಳ್ಳಿಯಂತೆ ಹಿಂದೆ ಹಿಂದೆ ಸರಿದು, ಮೆಟ್ಟಿಲು ಹತ್ತಿ, ದೀಪ ಹಚ್ಚಿಟ್ಟುಕೊಂಡು ಕುಳಿತಳು.

ಭಾನುವಾರ ಮಧ್ಯಾಹ್ನ, ಸಂಘದ ಆಫೀಸೂ ಆಗಿದ್ದ ಗ್ರಂಥಾಲಯದ ಓದುಕೋಣೆ ಕಿಕ್ಕಿರಿದಿತ್ತು. ಉದ್ದ ಮೇಜಿನ ತಲೆಯಲ್ಲಿ ಸಂಘದ ಅಧ್ಯಕ್ಷೆ, ಪಕ್ಕದಲ್ಲಿ ವರದಿಯ ಹಾಳೆಗಳನ್ನು ಜೋಡಿಸುತ್ತ ಶಬ್ದದ ಸಾಹೇಬರು. ಹಾಳೆ ತಿರುವುವಾಗ ಅವರ ಬಲಗೈ ಹೆಬ್ಬೆರಳಿನ ಬಿಳಿಪಟ್ಟಿ ಕಾಣುತ್ತಿತ್ತು. ಮೂರನೆಯ ಮಹಡಿಯ ಟೀಚರಮ್ಮ ತೂಕಡಿಸುತ್ತಿದ್ದರು. ಐದು ರಾತ್ರಿಯ ನಿದ್ದೆ ಬಾಕಿ.

“ಹಗಲಿನ ಆಟದ ಸದ್ದು ಮಿತಿಯೊಳಗಿದೆ ಅಂತ ವರದಿ ಹೇಳುತ್ತೆ,” ಎಂದರು ಅಧ್ಯಕ್ಷೆ. “ಅದರ ತಕರಾರು ಅಲ್ಲಿಗೆ ಮುಗೀತು. ಉಳಿದಿರೋದು ರಾತ್ರಿಯದು. ಗೇಟಿನ ಕೀಲಿ ಯಾರ ಹತ್ತಿರ ಇದೆ?”

ಐವತ್ತು ಜೋಡಿ ಕಣ್ಣು ತಂಗಿಯ ಸೊಂಟದ ಮೇಲೆ ಹೋಗಿ ಕುಳಿತವು.

“ರಾತ್ರಿ ಆಡಿದ್ದು ಯಾರು? ಈಗ ಹೇಳಿದ್ರೆ ಒಬ್ಬರ ಜೊತೆ ಮುಗಿಯುತ್ತೆ. ಹೇಳದಿದ್ರೆ ಎಲ್ಲರ ಆಟವೂ ಮುಗಿಯುತ್ತೆ.”

ಪ್ರಶ್ನೆ ಕೋಣೆಯ ನಡುವೆ ತೇಲಿತು. ಅಕ್ಕನಿಗೆ ಅದು ಬರುತ್ತಿರುವುದು ಕಾಣುತ್ತಿತ್ತು, ಹಳದಿಯಾಗಿ, ನಿಧಾನವಾಗಿ, ತನಗೂ ತಂಗಿಗೂ ಸರಿಯಾಗಿ ನಡುವೆ. ಹನ್ನೊಂದು ವರ್ಷದ ಹಿಂದೆಯೂ ಹೀಗೆಯೇ ಒಂದು ಬಂದಿತ್ತು. ಅಂದು ಅವಳು ತಂಗಿಯ ಕಡೆ ನೋಡಿದ್ದಳು. ಇಂದು ನೋಡಲಿಲ್ಲ. ಎದ್ದು ನಿಂತಳು.

“ತಪ್ಪು ನಂದು.”

“ನಂದು.”

ಎರಡು ದನಿ ಒಟ್ಟಿಗೆ ಬಿದ್ದವು. ಅಕ್ಕ ತಿರುಗಿ ನೋಡಿದರೆ ತಂಗಿಯೂ ಎದ್ದು ನಿಂತಿದ್ದಳು, ಬೂಟಿನ ದಾರ ಬಿಚ್ಚಿತ್ತು.

“ಭೇಷ್!” ಎಂದರು ಕಂಡಕ್ಟರು. “ಇಷ್ಟು ದಿನದಿಂದ ಬಡ್ಕೋತಿದ್ದೆ, ನಡುವಿನ ಚೆಂಡಿಗೆ ಕೂಗ್ರಮ್ಮಾ ಅಂತ. ಕೂಗಿದ್ರಲ್ಲ, ಇಬ್ಬರೂ ಒಟ್ಟಿಗೆ!”

“ಕುಂಬಳಕಾಯಿ ಕಳ್ಳ ಅಂದ್ರೆ ಒಬ್ಬರು ಹೆಗಲು ಮುಟ್ಟಿ ನೋಡ್ಕೋತಾರೆ,” ಅಧ್ಯಕ್ಷೆಗೆ ತಲೆ ಕೆಟ್ಟಿತು. “ಇಲ್ಲಿ ಇಬ್ಬರು! ಕಾಯಿ ಒಂದೇ ಕಣ್ರಮ್ಮಾ.”

ಅಕ್ಕನಿಗೆ ಆ ಮಾತು ಕೇಳಿಸಲೇ ಇಲ್ಲ. “ನೀನಾ?” ಎಂದು ಕೇಳಿದಳು. ಸಂಖ್ಯೆಯಲ್ಲದ ಮೊದಲ ಮಾತು.

“ನಾನಲ್ಲ,” ಎಂದಳು ತಂಗಿ. “ನೀನು ಅಂದ್ಕೊಂಡೆ. ರಾತ್ರಿಯೆಲ್ಲ ನಿನ್ನ ಕಿಟಕಿ ಉರೀತಿತ್ತು. ನಾನು ಕತ್ತಲಲ್ಲಿ ಕೂತು, ಅಂಗಳದ ಆ ನೆರಳೇ ನೀನು ಅಂತ ನೋಡ್ತಿದ್ದೆ. ಕೀಲಿ ಇಲ್ಲದೆ ಬೀಗ ತೆಗೆಯೋದನ್ನ ಅಪ್ಪ ನನಗಿಂತ ಮೊದಲು ಕಲಿಸಿದ್ದು ನಿನಗೇ ಅಲ್ವಾ?”

“ಹುಚ್ಚಿ,” ಎಂದಳು ಅಕ್ಕ. “ನಾನು ಎಣಿಸ್ತಾ ಕೂತಿದ್ದೆ ಕಣೇ.”

ಯಾರೋ ಮೂಗು ಸೀಟಿದರು. ಬೇಕರಿಯವಳಿರಬೇಕು.

ಅಧ್ಯಕ್ಷೆ ಕನ್ನಡಕ ಏರಿಸಿಕೊಂಡರು. “ಆಯ್ತು, ಇಬ್ಬರೂ ಅಲ್ಲ ಅಂತಾಯ್ತು. ಹಾಗಾದ್ರೆ ನನಗೆ ಬೇರೆ ದಾರಿ ಇಲ್ಲ. ವರದಿಯ ಕೊನೇ ಭಾಗ ಓದಿ, ಅಂಗಳ ಮುಚ್ಚೋ ನಿರ್ಣಯ ಬರೀತೀನಿ.” ಹಾಳೆಯನ್ನು ಬೆಳಕಿಗೆ ಹಿಡಿದು ಸರಸರನೆ ಓದತೊಡಗಿದರು. “‘ಹಗಲಿನಲ್ಲಿ ಇತರ ಸದ್ದುಗಳು ಬೆರೆಯುವ ಕಾರಣ, ಚೆಂಡಿನ ಶುದ್ಧ ಧ್ವನಿಯನ್ನು ಪ್ರತ್ಯೇಕವಾಗಿ ದಾಖಲಿಸಲಾಯಿತು. ದಿನ: ಮಂಗಳವಾರ. ಸಮಯ: ಹನ್ನೊಂದು ಗಂಟೆ ಹತ್ತು ನಿಮಿಷ. ವಿಧಾನ: ಹತ್ತು ಏಟು, ಅರವತ್ತು ಸೆಕೆಂಡು ವಿರಾಮ, ಪುನಃ ಹತ್ತು ಏಟು...’”

ಅಕ್ಕನ ಕೈ ತಾನಾಗಿ ಚೀಲದೊಳಗಿಳಿಯಿತು. ರಿಪೇರಿ ಚೀಟಿ ಹೊರಬಂತು.

“ಅಧ್ಯಕ್ಷರೇ, ಅಲ್ಲೇ ನಿಲ್ಲಿಸಿ.” ಅವಳು ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. “ಆ ರಾತ್ರಿ ನಾನು ಬರೆದಿಟ್ಟದ್ದು. ಒಂದೇಟೂ ಆಚೀಚೆ ಇಲ್ಲ, ನೋಡಿ.”

ಅಧ್ಯಕ್ಷೆ ಚೀಟಿ ನೋಡಿದರು, ವರದಿ ನೋಡಿದರು, ಮತ್ತೆ ಚೀಟಿ ನೋಡಿದರು. “ಆದ್ರೆ ಗೇಟು? ಕೀಲಿ ಇರೋದು ಒಂದೇ ಅಲ್ವಾ?”

“ಎರಡು ಮಾಡಿದ್ದೆ,” ಎಂದಳು ತಂಗಿ. “ಒಂದು ನನ್ನ ಹತ್ತಿರ ಇದೆ. ಇನ್ನೊಂದನ್ನ ನಿಮ್ಮ ಆಫೀಸಿನ ಮೊಳೆಗೆ ನಾನೇ ನೇತುಹಾಕಿದ್ದೆ.”

“ಮೊದಲೇ ಹೇಳಬಾರದಿತ್ತಾ ತಾಯಿ?”

“ಕೇಳಿದೋರು ಯಾರು? ಎಲ್ರೂ ನನ್ನ ಸೊಂಟ ನೋಡಿದ್ರು, ಬಾಯಿ ಯಾರೂ ನೋಡಲಿಲ್ಲ.”

ಅಧ್ಯಕ್ಷೆ ತಿರುಗಿ ಗೋಡೆ ನೋಡಿದರು. ಮೊಳೆ ಬರಿದಾಗಿತ್ತು. ಅಕ್ಕನ ಪಕ್ಕ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಕೀಲಿಗೊಂಚಲು ಒಮ್ಮೆ ‘ಝಲ್’ ಎಂದಿತು.

“ಹಾಗಾದ್ರೆ,” ಅಧ್ಯಕ್ಷೆ ತಡೆತಡೆದು ಕೇಳಿದರು, “ಮಂಗಳವಾರದಿಂದ ಶನಿವಾರದವರೆಗೆ ಆ ಚೆಂಡು ಹೊಡೆದವರು ಯಾರು?”

“ನಾನು,” ಎಂದರು ಶಬ್ದದ ಸಾಹೇಬರು, ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಮೇಲೆತ್ತಿ, “ನಿನ್ನೆ ನೂರ ಏಳು, ಒಂದೂ ಬೀಳಲಿಲ್ಲ.”